ಟ್ಯಾಂಕಿನ ಹಿಂದಿನ ಪೆಟ್ಟಿಗೆ

ಫೆಬ್ರವರಿ 26

ತಮ್ಮ ಬಂದಿದ್ದಾನೆ. ಆರು ತಿಂಗಳು ಹಡಗಿನ ಅಡುಗೆಮನೆಯಲ್ಲಿ ಬೆಂದು ಬಂದವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಅಕ್ಕಾ, ಕೈ ಚಾಚು" ಎಂದ. ಸೋಪೋ ಚಾಕೊಲೇಟೋ ಇರಬೇಕೆಂದು ಚಾಚಿದೆ. ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣದಷ್ಟೇ ಇದ್ದ ಮರದ ಗೂಡೊಂದನ್ನು ತೆಗೆದು ಅಂಗೈ ಮೇಲಿಟ್ಟ. ಒಂದು ಬದಿಗೆ ಜಾಲರಿ. ಒಳಗಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು.

ಹಳದಿ ರಾಣಿಜೇನು! ಅದಕ್ಕೆ ದಾರಿಯುದ್ದಕ್ಕೂ ಉಣಿಸಲು ಜೊತೆಗೆ ನಾಲ್ಕಾರು ಆಳುಹುಳ. ಇಷ್ಟು ದಿನ ಫೋಟೋದಲ್ಲಷ್ಟೇ ನೋಡಿದ್ದ ಬಣ್ಣ.

"ನಿನಗೆ ಜೇನು ಅಂದ್ರೆ ಪ್ರಾಣ ಅಲ್ವಾ? ಬಂದರಿನ ಹತ್ರ ಒಬ್ಬ ಸಾಕ್ತಾನೆ. ನಮ್ಮಕ್ಕ ಹೀಗೆ ಅಂತ ಹೇಳ್ದೆ, ಕೊಟ್ಬಿಟ್ಟ. ನನ್ನ ಜೇಬು ಯಾರೂ ನೋಡ್ಲೇ ಇಲ್ಲ."

ಇವನಿಗೆ ಏನೆಂದು ಬೈಯುವುದು? ಅವನ ಪಕ್ಕದ ಮೇಜಿನ ಮೇಲೇ ನನ್ನ ಭಾಷಣದ ಹಾಳೆಗಳು ಹರಡಿಕೊಂಡಿದ್ದವು. ಹೊರದೇಶದ ಹಳದಿ ಜೇನು ತರಿಸಬೇಕೆ ಬೇಡವೆ ಎಂದು ನಮ್ಮ ಜೇನುಸಾಕಣೆದಾರರ ಸಂಘದಲ್ಲಿ ಮುಂದಿನ ವಾರ ಚರ್ಚೆಯಿದೆ. ಬೇಡ ಎನ್ನುವವರ ಪರವಾಗಿ ಮಾತಾಡಬೇಕಾದವಳು ಕಾರ್ಯದರ್ಶಿಯಾದ ನಾನು. ನನ್ನನ್ನು ಆರಿಸಿದ್ದೇ ದನಿ ನೋಡಿ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರಂ ಎಂದು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ನಾನು ಹೇಳಿದರೆ ಜನ ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ, ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ.

ನಾಳೆ ಅದನ್ನು ಸಾಯಿಸುತ್ತೇನೆ. ಇವತ್ತು ಬೇಡ, ತಮ್ಮ ಬೇಜಾರು ಮಾಡಿಕೊಳ್ಳುತ್ತಾನೆ.

ಫೆಬ್ರವರಿ 28

ಸಾಯಿಸಲಿಲ್ಲ.

ನನ್ನ ಮೂರನೆಯ ಪೆಟ್ಟಿಗೆಯ ರಾಣಿ ಚಳಿಯಲ್ಲಿ ಸತ್ತಿದೆ. ಹೊಸ ರಾಣಿ ಮಾಡಿಕೊಳ್ಳಲು ಎಳೆ ಮರಿಯಿಲ್ಲ. ಮಾಡಿಕೊಂಡರೂ ಕೂಡಲು ಈ ಕಾಲದಲ್ಲಿ ಹೊರಗೆ ಗಂಡುನೊಣವಿಲ್ಲ. ಮುಚ್ಚಳ ತೆಗೆದರೆ ನರಳಿದ ಹಾಗೆ ಸದ್ದು ಬರುತ್ತದೆ. ಹೂವಿನ ಕಾಲದ ಹೊತ್ತಿಗೆ ಪೆಟ್ಟಿಗೆ ಖಾಲಿಯಾಗುವುದು ಖಂಡಿತ. ಇಲ್ಲಿ ರಾಣಿಯಿಲ್ಲದ ಪೆಟ್ಟಿಗೆ, ಅಲ್ಲಿ ಪೆಟ್ಟಿಗೆಯಿಲ್ಲದ ರಾಣಿ. ಎರಡನ್ನೂ ಸಾಯಲು ಬಿಟ್ಟು ನಾನು ಭಾಷಣ ತಿದ್ದುತ್ತಾ ಕೂರಬೇಕೆ?

ಜೊತೆಗೆ ಬಂದಿದ್ದ ಆಳುಹುಳಗಳನ್ನು ರೋಗಗೀಗ ಇದ್ದೀತೆಂದು ತೆಗೆದು ಕೊಂದೆ. ಅಷ್ಟು ಶಿಸ್ತು ನನಗಿದೆ! ರಾಣಿಯ ಗೂಡನ್ನು ಚೌಕಟ್ಟುಗಳ ನಡುವೆ ಸಿಕ್ಕಿಸಿ, ಪೆಟ್ಟಿಗೆಯನ್ನು ತಾರಸಿಯ ನೀರಿನ ಟ್ಯಾಂಕಿನ ಹಿಂದಕ್ಕೆ ಸರಿಸಿದೆ. ಮೂರನೆಯದು ಚಳಿಗೆ ಹೋಯಿತು ಎಂದು ಸಂಘದಲ್ಲಿ ಹೇಳಿದರಾಯಿತು.

ಇದು ಸ್ವಲ್ಪ ದಿನದ ಮಾತು. ಊರಿನ ಕಪ್ಪು ರಾಣಿ ಸಿಕ್ಕ ತಕ್ಷಣ ಬದಲಿಸುತ್ತೇನೆ. ಅಲ್ಲಿಯವರೆಗೆ ಗಂಡುನೊಣಗಳು ಹೊರಬೀಳದಂತೆ ನೋಡಿಕೊಂಡರೆ ಸಾಕು. ಬೇರೆಯವರ ಪೆಟ್ಟಿಗೆಯ ರಾಣಿಯನ್ನು ಕೂಡಿ ಬಣ್ಣ ಹರಡುವವು ಅವೇ. ಅವು ಬೆಳೆಯುವ ಕೋಣೆಗಳು ದೊಡ್ಡವು, ಗುಂಡಗೆ ಉಬ್ಬಿರುತ್ತವೆ, ಕುರುಡರಿಗೂ ಗೊತ್ತಾಗುತ್ತದೆ. ಎರಡು ವಾರಕ್ಕೊಮ್ಮೆ ಚಾಕುವಿನಿಂದ ಕತ್ತರಿಸಿ ತೆಗೆದರಾಯಿತು.

ಮಾರ್ಚ್ 8

ಗೆದ್ದೆವು.

ಡ್ರೈವಿಂಗ್ ಸ್ಕೂಲಿನ ಮಹಡಿ ಮೇಲಿನ ಹಾಲ್ ಕಿಕ್ಕಿರಿದಿತ್ತು. ಅಧ್ಯಕ್ಷರು ಮೊದಲು ಡ್ರಿಲ್ ಮಾಸ್ತರಾಗಿದ್ದವರು, ಈಗಲೂ ಸಭೆ ಶುರುಮಾಡುವುದು ಸೀಟಿ ಊದಿಯೇ. ಮೊದಲು ಎದ್ದವನು ಕನ್ನಡಕ. ಬಸ್ ನಿಲ್ದಾಣದ ಎದುರಿನ ಕನ್ನಡಕದಂಗಡಿಯವನಿಗೆ ಸಂಘದಲ್ಲಿ ಅದೇ ಹೆಸರು. ಅವನಲ್ಲಿರುವುದು ಒಂದೇ ಪೆಟ್ಟಿಗೆ, ಅಭಿಪ್ರಾಯಗಳು ಮಾತ್ರ ನೂರು. ವರ್ಷಗಳ ಹಿಂದೆ ಅವನ ಅಂಗಡಿಯ ಬೋರ್ಡಿನ ಮೇಲೆ ಒಂದು ಜೇನುಹಿಂಡು ಬಂದು ಕೂತಿತಂತೆ. ಇವನು ವ್ಯಾಪಾರ ಬಿಟ್ಟು ಇಡೀ ದಿನ ಏಣಿ ಮೇಲೆ ನಿಂತು ಅದನ್ನು ಪೆಟ್ಟಿಗೆಗೆ ಇಳಿಸಿದನಂತೆ. ಆ ರಾಣಿಗೆ 'ಬೋರ್ಡಮ್ಮ' ಎಂದು ಹೆಸರಿಟ್ಟ. ಈಗ ಇರುವುದು ಅದರ ಮಗಳೋ ಮಗಳ ಮಗಳೋ, ಅದೂ ಬೋರ್ಡಮ್ಮನೇ.

"ನಮ್ಮ ಕಪ್ಪು ಹುಳ ಪ್ರತಿ ಚಳಿಗೂ ಸಾಯ್ತಾ ಇದೆ ಸ್ವಾಮಿ. ಯಾಕೆ? ಸಂಬಂಧದಲ್ಲೇ ಮದುವೆ ಮಾಡಿ ಮಾಡಿ ರಕ್ತ ತೆಳ್ಳಗಾಗಿದೆ. ನಮ್ಮ ಬೋರ್ಡಮ್ಮನಿಗೆ ಹೊರಗಿನಿಂದ ನಾಲ್ಕು ಜನ ಗಟ್ಟಿಮುಟ್ಟಾದ ಅಳಿಯಂದಿರು ಬರ್ಲಿ ಬಿಡಿ!" ಎಂದ. ಹಾಲ್ ನಕ್ಕಿತು. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಈ ಮನುಷ್ಯನ ನಗು ಕಂಡರೆ ನನಗಾಗದು.

ಆಮೇಲೆ ನಾನು. "ಈ ಹವೆಗೆ, ಈ ಹೂವಿಗೆ ಒಗ್ಗಿಕೊಂಡಿರೋದು ನಮ್ಮ ಹುಳ. ಹೊರಗಿನ ಒಂದೇ ಒಂದು ರಾಣಿ ಸಾಕು. ಅದರ ಗಂಡುನೊಣ ಬೇಲಿ ಕೇಳಲ್ಲ, ಬಾಗಿಲು ತಟ್ಟಲ್ಲ. ಒಬ್ಬರ ತಾರಸಿ ಮೇಲಿನ ಆಸೆ ಒಂದೇ ವರ್ಷದಲ್ಲಿ ಊರಿನ ಎಲ್ಲರ ಪೆಟ್ಟಿಗೆಗೂ ಹೋಗುತ್ತೆ" ಎಂದೆ. ಚಪ್ಪಾಳೆ ನಿಲ್ಲಲಿಲ್ಲ. ಚಪ್ಪಾಳೆಯ ನಡುವೆ ಟ್ಯಾಂಕಿನ ನೆನಪಾಗಿ ಕಿವಿ ಬಿಸಿಯಾಯಿತು. ಆದರೆ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲವಲ್ಲ.

ನಿಯಮವನ್ನೂ ನಾನೇ ಬರೆದುಕೊಟ್ಟೆ. ಹಳದಿ ಕಂಡ ಪೆಟ್ಟಿಗೆಯ ರಾಣಿಯನ್ನು ಕಾರ್ಯದರ್ಶಿಯ ಸಮ್ಮುಖದಲ್ಲಿ ಕೊಲ್ಲತಕ್ಕದ್ದು, ತಂದವರ ಸದಸ್ಯತ್ವವನ್ನು ರದ್ದುಮಾಡತಕ್ಕದ್ದು. 'ತಕ್ಕದ್ದು' ಎಂದು ಓದುವಾಗ ನನ್ನ ದನಿ ಚೆನ್ನಾಗಿ ಬಂತು.

ಮೆಟ್ಟಿಲಲ್ಲಿ ಕನ್ನಡಕ ಎದುರಾದ. "ಸೋತೆ ಮೇಡಂ. ನಿಮ್ಮ ದನಿ ನನಗಿದ್ದಿದ್ರೆ ಕುರುಡರಿಗೂ ಕನ್ನಡಕ ಮಾರ್ತಿದ್ದೆ" ಎಂದು ಮತ್ತೆ ನಕ್ಕ. ಸೋತವನಿಗೆ ಸ್ವಲ್ಪವಾದರೂ ಮುಖ ಬಾಡಬಾರದೆ?

ಏಪ್ರಿಲ್ 4

ಟ್ಯಾಂಕಿನ ಹಿಂದಿನ ಪೆಟ್ಟಿಗೆ ತುಂಬಿ ತುಳುಕುತ್ತಿದೆ. ಚೌಕಟ್ಟಿನ ಅಂಚಿನಿಂದ ಅಂಚಿನವರೆಗೆ ಮರಿ, ಒಂದು ಕೋಣೆಯೂ ಖಾಲಿಯಿಲ್ಲ. ಹುಳಗಳು ಎಷ್ಟು ಸಾಧು ಎಂದರೆ ಇವತ್ತು ಕೈಗವಸು ಹಾಕಲು ಮರೆತೇಹೋಗಿತ್ತು. ಅವಳು, ಆ ಹಳದಿ ರಾಣಿ, ಎರಿಯ ಮೇಲೆ ಗಡಿಬಿಡಿಯಿಲ್ಲದೆ ನಡೆಯುವುದನ್ನು ನೋಡುತ್ತಾ ನಿಂತು ಒಲೆಯ ಮೇಲಿನ ಹಾಲು ಉಕ್ಕಿಸಿದೆ.

"ಆ ಎರಡು ಪೆಟ್ಟಿಗೆ ಹತ್ರ ಯುದ್ಧಕ್ಕೆ ಹೊರಟ ಹಾಗೆ ಹೋಗ್ತೀಯ. ಟ್ಯಾಂಕಿನ ಹಿಂದಕ್ಕೆ ಮಾತ್ರ ತವರಿಗೆ ಹೊರಟ ಹಾಗೆ" ಎಂದರು ಇವರು. ಕಟ್ಟಿಕೊಂಡ ಗಂಡನಿಗೆ ಗುಟ್ಟು ಗೊತ್ತಿದೆ. ಆದರೆ ಅವರಿಗೆ ಅದು ತಮಾಷೆ.

ಭಾನುವಾರ ಸಂಘದ ಸುತ್ತು ಇತ್ತು. ತಿಂಗಳಿಗೊಮ್ಮೆ ಸದಸ್ಯರೆಲ್ಲ ಸೇರಿ ಮನೆಯಿಂದ ಮನೆಗೆ ಹೋಗಿ ಒಬ್ಬರ ಪೆಟ್ಟಿಗೆ ಒಬ್ಬರು ನೋಡುವ ಪದ್ಧತಿ. ನಮ್ಮ ತಾರಸಿಯಲ್ಲಿ ಎರಡು ಪೆಟ್ಟಿಗೆ ನೋಡಿ, ಮೂರನೆಯದಕ್ಕೆ ಲೊಚಗುಟ್ಟಿ ಅಲ್ಲೇ ಕೂತರು. "ಕಾರ್ಯದರ್ಶಿ ಮನೇಲಿ ಪರೀಕ್ಷೆ ಮಾಡೋದೇನಿದೆ?" ಎಂದು ಅಧ್ಯಕ್ಷರು ಚಹಾ ಕುಡಿದರು. ಮೂಲೆಯಲ್ಲಿ ಕೂತಿದ್ದ ಕನ್ನಡಕ ಎದ್ದು, ಟ್ಯಾಂಕಿನ ನಲ್ಲಿಯಲ್ಲಿ ಕೈ ತೊಳೆದು ಬರುತ್ತೇನೆ ಎಂದ. ನನ್ನ ಜೀವ ಹಾರಿಹೋಯಿತು. ಇವರೇ ಚೊಂಬಿನಲ್ಲಿ ನೀರು ತಂದು ಅವನ ಕೈಗೆ ಹಾಕಿದರು.

ಕಪ್ಪು ರಾಣಿಗಳು ಈಗ ಸಿಗುತ್ತಿವೆ. ಈ ಹೂವಿನ ಕಾಲವೊಂದು ಕಳೆಯಲಿ, ಬದಲಿಸುತ್ತೇನೆ.

ಏಪ್ರಿಲ್ 23

ಜೊತೆಯವಳು ಹೆರಿಗೆ ರಜೆ ಹಾಕಿದ್ದಾಳೆ. ಎರಡೂ ಪಾಳಿ ನನ್ನದೇ. ಮನೆಗೆ ಬಂದರೆ ನೀರು ಕೇಳುವುದಕ್ಕೂ ಗಂಟಲಿಲ್ಲ. ತಾರಸಿ ಹತ್ತಿ ಎಷ್ಟು ದಿನವಾಯಿತೋ.

ಮೇ 6

ಹೋಗಿವೆ.

ಉಬ್ಬಿದ ಕೋಣೆಗಳೆಲ್ಲ ತೆರೆದುಕೊಂಡಿವೆ. ಚಾಕು ಹಿಡಿದುಕೊಂಡು ಹತ್ತಿದವಳು ಚಾಕು ಹಿಡಿದುಕೊಂಡೇ ನಿಂತೆ. ನನ್ನ ಕಣ್ಣೆದುರೇ ಮೂರು ದಪ್ಪ ಹಳದಿ ಗಂಡುನೊಣಗಳು ಬಾಗಿಲಿಗೆ ಬಂದು, ಕಣ್ಣುಜ್ಜಿಕೊಂಡು, ಹಾರಿದವು. ಒಳಗೆ ಇನ್ನೂ ಬೇಕಾದಷ್ಟಿದ್ದವು. ಸಿಕ್ಕವನ್ನು ಹೊಸಕಿದೆ.

ಇವರಿಗೆ ಹೇಳಿದೆ. "ಗಂಡಸರು ಹೊರಗೆ ತಿರುಗೋಕೆ ಹೋದ್ರೆ ಇಷ್ಟೊಂದು ಗಾಬರಿಯಾ?" ಎಂದು ನಕ್ಕರು. ಮೊದಲ ಸಲ ಅವರ ತಮಾಷೆಗೆ ನಗು ಬರಲಿಲ್ಲ.

ಅವು ಎಲ್ಲರ ರಾಣಿಯನ್ನೂ ಹುಡುಕಿಕೊಂಡು ಹೋಗುತ್ತವೆಯೆ? ಹಕ್ಕಿ ತಿನ್ನುತ್ತವೆ, ಗಾಳಿಗೆ ಸಿಕ್ಕಿ ಸಾಯುತ್ತವೆ. ಸಾವಿರಕ್ಕೆ ಒಂದಕ್ಕಾದರೂ ಯೋಗ ಕೂಡಿಬರುತ್ತದೋ ಇಲ್ಲವೋ. ಹಾಗೆಂದು ಸಮಾಧಾನ ಮಾಡಿಕೊಂಡಿದ್ದೇನೆ. ಭಾಷಣದಲ್ಲಿ ನಾನೇ ಇದರ ತದ್ವಿರುದ್ಧ ಹೇಳಿದ್ದೆ.

ಮೇ 17

ಮಧ್ಯಾಹ್ನ ಯಾರೋ ಗಾಜು ತಟ್ಟಿದರು. ನೋಡಿದರೆ ಕನ್ನಡಕ. ಮುಖ ಅರಳಿಹೋಗಿತ್ತು. ಹಳೆಯ ಬೋರ್ಡಮ್ಮ ಮುದಿಯಾದಳೆಂದು ಹುಳಗಳೇ ಹೊಸ ರಾಣಿ ಎಬ್ಬಿಸಿದ್ದವಂತೆ. ಅದು ಇವತ್ತು ಬಿಸಿಲಿನಲ್ಲಿ ಗಂಡು ಕೂಡುವ ಹಾರಾಟಕ್ಕೆ ಹೋಗಿ ಸುರಕ್ಷಿತವಾಗಿ ಮರಳಿತಂತೆ. ಇವನು ಅಂಗಡಿ ಮುಚ್ಚಿ ಮಾಳಿಗೆಯಲ್ಲಿ ಕಾದು ಕೂತಿದ್ದನಂತೆ.

"ಮೈಕಲ್ಲಿ ಹೇಳ್ಬಿಡಿ ಮೇಡಂ, ಬೋರ್ಡಮ್ಮನ ಮಗಳ ಮದುವೆ ಆಯ್ತು ಅಂತ!"

"ಬಸ್ಸಿನ ವಿಷಯ ಬಿಟ್ಟು ಬೇರೆ ಹೇಳೋ ಹಾಗಿಲ್ಲ" ಎಂದೆ. ಅವನು ಗಾಜಿನಾಚೆ ನಿಂತೇ ಇದ್ದ. ಹೇಳಿಕೊಳ್ಳಲು ಅವನಿಗೆ ಬೇರೆ ಯಾರಿದ್ದಾರೆ? ಹೆಂಡತಿ ಹೋಗಿ ಎಷ್ಟೋ ವರ್ಷವಾಯಿತು. "ಒಳ್ಳೇದಾಗ್ಲಿ" ಎಂದೆ. ಅಷ್ಟಕ್ಕೇ ಖುಷಿಯಾಗಿ ಹೋದ.

ಬಿಸಿಲು ಚೆನ್ನಾಗಿತ್ತು. ನಮ್ಮ ತಾರಸಿಗೂ ಅದೇ ಬಿಸಿಲು.

ಜೂನ್ 28

ಬರೆಯುವುದು ಬೇಡವೆಂದಿದ್ದೆ. ಬರೆಯದಿದ್ದರೆ ಉಸಿರು ಕಟ್ಟುತ್ತದೆ.

ಸುತ್ತಿನಲ್ಲಿ ಕನ್ನಡಕದವನ ಸರದಿ ಬಂತು. ಅಂಗಡಿಯ ಮೇಲೆ ಸಣ್ಣ ಮಾಳಿಗೆ, ಮೂಲೆಯಲ್ಲಿ ಪೆಟ್ಟಿಗೆ, ಮೇಲೆ ಮಳೆಬಿಸಿಲಿಗೆಂದು ಅವನ ಹಳೆಯ ಬೋರ್ಡೇ ಹೊದಿಕೆ. ಅಧ್ಯಕ್ಷರು ಚೌಕಟ್ಟು ಎತ್ತಿದರು. ಕಪ್ಪು ಹುಳಗಳ ನಡುವೆ ಅಲ್ಲಲ್ಲಿ ಹಳದಿ ಪಟ್ಟೆಯವು ಓಡಾಡುತ್ತಿದ್ದವು. ಹೊಸದಾಗಿ ಹುಟ್ಟಿದವು.

"ಅರೆ! ಇದೇನಿದು ಬಣ್ಣ!" ಎಂದ ಕನ್ನಡಕ. ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿ ನೋಡಿದ. ಅವನ ಮುಖದಲ್ಲಿದ್ದದ್ದು ಸಂತೋಷ. ಕಳ್ಳನಾದವನು ಹಾಗೆ ನೋಡುವುದಿಲ್ಲ.

"ನಾಟಕ ಸಾಕು" ಎಂದರು ಅಧ್ಯಕ್ಷರು.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಯ್ಯೋ, ನಾನು ತಂದಿಲ್ಲ ಮಾಸ್ತರೇ. ರಾಣೀನ ನೋಡಿ, ಕಪ್ಪು. ಬೋರ್ಡಮ್ಮನ ಮಗಳೇ. ಹೊರಗಿಂದ ತಂದಿದ್ರೆ ಎಲ್ಲಾ ಹಳದಿ ಆಗ್ತಿತ್ತು. ಹಾರಾಟದಲ್ಲಿ ಎಲ್ಲಿಂದಲೋ ಗಂಡು ಸಿಕ್ಕಿದೆ."

"ಎಲ್ಲಿಂದ? ಆಕಾಶದಿಂದ ಉದುರ್ತಾ? ಈ ಊರಲ್ಲಿ ಹಳದಿ ಬೇಕು ಹಳದಿ ಬೇಕು ಅಂತ ಬಾಯಿ ಬಡ್ಕೊಂಡವರು ನೀವೊಬ್ಬರೇ. ಒಂದು ಪೆಟ್ಟಿಗೆ ತಂದು ಎಲ್ಲೋ ಇಟ್ಟಿದ್ದೀರಿ."

ಅವನು ನನ್ನ ಕಡೆ ತಿರುಗಿದ. "ಮೇಡಂ, ನೀವು ಹೇಳಿ. ನಿಮಗೆ ಈ ವಿಷಯ ಗೊತ್ತು. ರಾಣಿ ಕಪ್ಪು, ಮಕ್ಕಳು ಬೆರಕೆ ಅಂದ್ರೆ ಏನರ್ಥ?"

ಎಲ್ಲರೂ ನನ್ನನ್ನೇ ನೋಡಿದರು. ನನಗೆ ಅರ್ಥ ಗೊತ್ತಿತ್ತು, ವಿಳಾಸವೂ ಗೊತ್ತಿತ್ತು. ಬಾಯಿ ತೆರೆದೆ. ಬಂದದ್ದು ಮೈಕಿನ ದನಿ.

"ಪೆಟ್ಟಿಗೇಲಿ ಹಳದಿ ಕಂಡಿದೆ. ನಿಯಮ ಎಲ್ಲರಿಗೂ ಒಂದೇ."

ಜುಲೈ 1

ಬರೆದೇ ಬಿಡುತ್ತೇನೆ.

ಮುಂದಿನ ಸಭೆಯಲ್ಲಿ ಅವನ ಸದಸ್ಯತ್ವದ ತೀರ್ಮಾನ. ರಾಣಿಯದ್ದು ಇವತ್ತೇ ಆಗಬೇಕಿತ್ತು. ನೋಡಿ ಬರಲು ಹೋದೆ. ನಿಯಮದ ಪ್ರಕಾರ ನಾನು ಅಲ್ಲಿದ್ದರೆ ಸಾಕು, ಕೈ ಅವನದೇ ಆಗಬಹುದು. ಅವನು ಮೆಟ್ಟಿಲಲ್ಲೇ ನನ್ನನ್ನು ತಡೆದ.

"ನನ್ನ ಕೈಲಿ ಆಗಲ್ಲ ಮೇಡಂ. ಬೆಳಿಗ್ಗೆಯಿಂದ ಎರಡು ಸಲ ತೆಗೆದೆ, ಎರಡು ಸಲ ಮುಚ್ಚಿದೆ. ಅಧ್ಯಕ್ಷರಿಗೆ ಹೇಳಿದ್ರೆ ಬೂಟಲ್ಲಿ ಹೊಸಕ್ತಾರೆ. ನೀವಾದ್ರೆ ನೋವಾಗದ ಹಾಗೆ ಮಾಡ್ತೀರಿ."

ಆಗ ಹೇಳಬಹುದಿತ್ತು. ಮಾಳಿಗೆಯಲ್ಲಿ ನಾವಿಬ್ಬರೇ ಇದ್ದೆವು. ಕೆಳಗೆ ಬಸ್ಸುಗಳ ಹಾರ್ನ್, ಪಕ್ಕದ ಹಗ್ಗದ ಮೇಲೆ ಅವನ ಅಂಗಿಗಳು. 'ಹಳದಿ ಗಂಡು ನಮ್ಮ ತಾರಸಿಯದು' ಎನ್ನಲು ನಾಲ್ಕು ಮಾತು ಸಾಕಿತ್ತು. ದಿನಕ್ಕೆ ನೂರು ಬಸ್ಸಿನ ಹೆಸರು ಹೇಳುವ ಬಾಯಿ ಇದು.

ಮೂರನೆಯ ಚೌಕಟ್ಟಿನಲ್ಲಿ ಅವಳಿದ್ದಳು. ಕಪ್ಪಗೆ, ಉದ್ದಕ್ಕೆ, ಮಿರುಗುತ್ತಾ. ಮೊಟ್ಟೆಯಿಡಲು ಒಂದು ಕೋಣೆಯೊಳಗೆ ಹೊಟ್ಟೆ ಇಳಿಸಿದ್ದಳು. ಅವಳು ಮುಗಿಸುವವರೆಗೆ ಕಾದೆ. ಯಾಕೆ ಕಾದೆನೋ ಗೊತ್ತಿಲ್ಲ. ಆಮೇಲೆ ರೆಕ್ಕೆ ಹಿಡಿದು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದೆ.

ಅವರು ಬೀದಿಯ ಕಡೆ ಮುಖ ಮಾಡಿ ನಿಂತಿದ್ದರು. "ಆಯ್ತಾ?" ಎಂದರು. "ಆಯ್ತು" ಎಂದೆ. ಚೊಂಬಿನಲ್ಲಿ ನೀರು ತಂದು ನನ್ನ ಕೈಗೆ ಹಾಕಿದರು. "ಥ್ಯಾಂಕ್ಸ್ ಮೇಡಂ" ಎಂದೂ ಹೇಳಿದರು.

ಜುಲೈ 2

ಎರಡನೇ ಪ್ಲಾಟ್‌ಫಾರಮ್ಮಿನ ಬಸ್ಸನ್ನು ಏಳನೆಯದೆಂದು ಹೇಳಿಬಿಟ್ಟೆ. ಜನ ಅತ್ತ ಓಡಿದರು. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಅರ್ಧ ದಾರಿಯಲ್ಲಿ ನಿಂತು ಗಾಜಿನ ಕಡೆ ನೋಡಿದಳು. ಬಸ್ಸು ಇತ್ತ ಹೊರಟೇಹೋಯಿತು. ಮೇಲಿನವರು ಬೈದರು. ಬೈಯಲಿ.

ಜುಲೈ 3

ಇವರು ಟ್ಯಾಂಕಿನ ಹತ್ತಿರ ಯಾಕೆ ಹೋಗುತ್ತಿಲ್ಲ ಎಂದು ಕೇಳಿದರು. ಮಳೆ ಬರುವ ಹಾಗಿದೆ ಎಂದೆ. ಬರುವ ಹಾಗಿರಲಿಲ್ಲ.

ಜುಲೈ 15

ಬೆರಕೆ ಮರಿಗಳಿಂದ ಮತ್ತೆ ರಾಣಿ ಏಳಬಾರದೆಂದು ಕೋಣೆಗಳನ್ನು ಕಿತ್ತುಹಾಕಿಸಿ ಸಂಘ ಕೊಟ್ಟ ಹೊಸ ರಾಣಿಯನ್ನು ಕನ್ನಡಕದಂಗಡಿಯವರ ಹುಳಗಳು ಒಪ್ಪಲಿಲ್ಲವಂತೆ. ಸುತ್ತ ಮುತ್ತಿಕೊಂಡು ಕೊಂದವು. ಆಮೇಲೆ ಪೆಟ್ಟಿಗೆ ದಿನದಿನಕ್ಕೆ ಸೊರಗಿತು. ಅವರೇ ಗಾಜು ತಟ್ಟಿ ಹೇಳಲಿ ಎಂದು ಕಾದೆ, ಬರಲಿಲ್ಲ. ಊಟದ ಬಿಡುವಿನಲ್ಲಿ ನಾನೇ ರಸ್ತೆ ದಾಟಿ ಹೋದೆ.

ಮಾಳಿಗೆಯಲ್ಲಿ ಗದ್ದಲ. ಕಾವಲಿಲ್ಲದ ಪೆಟ್ಟಿಗೆಗೆ ಲೂಟಿ ಬಿದ್ದಿತ್ತು. ಬೇರೆ ಪೆಟ್ಟಿಗೆಯ ಹುಳಗಳು ಬಾಗಿಲಲ್ಲಿ ಕಿತ್ತಾಡುತ್ತಾ, ಎರಿ ಹರಿದು ಜೇನು ಹೊತ್ತೊಯ್ಯುತ್ತಿದ್ದವು. ಕಪ್ಪಲ್ಲ, ಬೆರಕೆಯೂ ಅಲ್ಲ. ತಲೆಯಿಂದ ಬಾಲದವರೆಗೆ ಹೊಳೆಯುವ ಅಪ್ಪಟ ಹಳದಿ. ಅಂಥವು ಊರಲ್ಲಿರುವುದು ಒಂದೇ ಪೆಟ್ಟಿಗೆಯಲ್ಲಿ.

ಒದ್ದೆ ಬಟ್ಟೆ ತಂದು ಬಾಗಿಲಿಗೆ ಮುಚ್ಚಿದೆ. "ಬಿಡಿ ಮೇಡಂ, ಒಳಗೆ ಇನ್ನೇನಿದೆ" ಎಂದರು. ಹೊಟ್ಟೆ ತುಂಬಿಸಿಕೊಂಡ ಹುಳಗಳು ಒಂದೊಂದಾಗಿ ಎದ್ದು ಹಾರುತ್ತಿದ್ದವು. ಅವೆಲ್ಲ ಒಂದೇ ದಿಕ್ಕಿಗೆ ಹೋಗುವುದನ್ನು ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ತುಂಬಾ ಹೊತ್ತು ನೋಡಿದರು. ನಮ್ಮ ಮನೆಯ ಕಡೆಗೆ. ನನ್ನ ಮುಖ ನೋಡಲಿಲ್ಲ. "ಬಿಡುವು ಮುಗೀತೇನೋ ನಿಮ್ದು" ಎಂದರು.

ಅವರು ಬೈದಿದ್ದರೆ ಬದುಕುತ್ತಿದ್ದೆ.

ಜುಲೈ 26

ಹೇಳಿದೆ.

ಬೆಳಗಿನ ಸುತ್ತಿನಲ್ಲೇ ಎಲ್ಲ ತಲೆಕೆಳಗಾಗಿತ್ತು. ಅಧ್ಯಕ್ಷರ ಎರಡು ಪೆಟ್ಟಿಗೆಯಲ್ಲಿ ಹಳದಿ. ಖಜಾಂಚಿಯ ಮನೆಯಲ್ಲಿ ಹಳದಿ. ಈ ವರ್ಷ ಹೊಸ ರಾಣಿ ಎದ್ದ ಕಡೆಯೆಲ್ಲ ಬೆರಕೆ. ಅಧ್ಯಕ್ಷರ ಸೀಟಿ ಜೇಬಿನಲ್ಲೇ ಉಳಿಯಿತು. ಸಭೆಯಲ್ಲಿ ಅವರು ಗಂಟಲು ಸರಿಮಾಡಿಕೊಂಡು, ಇದೆಲ್ಲ ಒಬ್ಬರ ಪೆಟ್ಟಿಗೆಯಿಂದ ಹರಡಿದ್ದು, ಸದಸ್ಯತ್ವ ರದ್ದಿನ ವಿಷಯ ಮೊದಲು ಮುಗಿಸೋಣ ಎಂದರು. ಕನ್ನಡಕದಂಗಡಿಯವರು ಕೊನೆಯ ಸಾಲಿನಲ್ಲಿ ಕೊಡೆ ಹಿಡಿದು ಕೂತಿದ್ದರು.

ನಾನು ಎದ್ದು ನಿಂತೆ. "ಹಳದಿ ರಾಣಿ ತಂದು ಸಾಕಿದ್ದು ನಾನು. ಫೆಬ್ರವರಿಯಿಂದ ನಮ್ಮ ತಾರಸೀಲಿದೆ. ಗಂಡುನೊಣಗಳು ನನ್ನ ಅಜಾಗರೂಕತೆಯಿಂದ ಹೊರಗೆ ಹೋಗಿವೆ. ಅವರ ತಪ್ಪೇನೂ ಇಲ್ಲ. ಇದು ನನ್ನ ಗಮನಕ್ಕೆ ಬಂದಿದ್ದು ಇತ್ತೀಚೆಗೆ. ರಾಜೀನಾಮೆ ಕೊಡ್ತಿದ್ದೇನೆ" ಎಂದೆ. ದನಿ ಎಲ್ಲೂ ಒಡೆಯಲಿಲ್ಲ.

ಉಗಿಯುತ್ತಾರೆ ಎಂದುಕೊಂಡಿದ್ದೆ. ಖಜಾಂಚಿ, "ಅದಕ್ಕೇ ಅನ್ನಿ, ಈ ಸಲ ನಮ್ಮ ಹುಳ ಕಚ್ಚೋದೇ ಕಡಿಮೆ ಮಾಡಿವೆ!" ಎಂದರು. ಹಾಲ್ ಗೊಳ್ಳೆಂದಿತು. ನಿಯಮದಂತೆ ಎಲ್ಲರ ರಾಣಿಯನ್ನೂ ಕೊಲ್ಲಬೇಕಾಗುತ್ತದಲ್ಲ ಎಂದು ಒಬ್ಬರು ನೆನಪಿಸಿದರು. ಅಧ್ಯಕ್ಷರು ಗಾಬರಿಯಾದರು. ಊರಿನ ಪೆಟ್ಟಿಗೆಗಳೆಲ್ಲ ಖಾಲಿ ಮಾಡುವುದೆ? ಐದು ನಿಮಿಷವೂ ಹಿಡಿಯಲಿಲ್ಲ, ಕೈಯೆತ್ತಿ ನಿಯಮವನ್ನೇ ರದ್ದುಮಾಡಿದರು. ರಾಜೀನಾಮೆ ಯಾರಿಗೂ ಬೇಡವಾಗಿತ್ತು. "ಇಷ್ಟು ಜನರೆದುರು ಒಪ್ಪಿಕೊಳ್ಳೋಕೆ ದೊಡ್ಡ ಮನಸ್ಸು ಬೇಕು" ಎಂದು ಅಧ್ಯಕ್ಷರು ಬೆನ್ನು ತಟ್ಟಿದರು. ಚಪ್ಪಾಳೆ ಬೇರೆ.

ಚಪ್ಪಾಳೆ ನಿಂತ ಮೇಲೆ ಕೊನೆಯ ಸಾಲಿನಿಂದ ಅವರು ಎದ್ದರು.

"ಹಾಗಾದ್ರೆ, ನಂದು?"

ಅಧ್ಯಕ್ಷರು ನೆಲ ನೋಡಿದರು. "ಏನ್ಮಾಡೋದು ಹೇಳಿ, ಆಗಿದ್ದು ಆಗಿಹೋಯ್ತು" ಎಂದು ಯಾರೋ ಅಂದರು. ಅವರು ತಲೆಯಾಡಿಸಿ, ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಹಿಂದೆ ಓಡಬೇಕೆಂದುಕೊಂಡೆ. ಸುತ್ತ ಜನ ನಿಂತಿದ್ದರು, ಕೈ ಕುಲುಕುತ್ತಿದ್ದರು.

ಹೇಳಿದ್ದಾಯಿತು. ಮನಸ್ಸು ಹಗುರಾಗಬೇಕಿತ್ತು. ಎಲ್ಲರೂ ಕ್ಷಮಿಸಿದ್ದಾರೆ. ನನಗೆ ನಾಚಿಕೆಯಾಗುತ್ತಿದೆ.

ಜುಲೈ 28

ಪಾಳಿ ಮುಗಿಸಿ ಅವರ ಅಂಗಡಿಗೆ ಹೋದೆ. ಗೋಡೆ ತುಂಬ ಚೌಕಟ್ಟುಗಳು, ಎದುರು ಬದುರು ಕನ್ನಡಿ. ಎತ್ತ ತಿರುಗಿದರೂ ನನ್ನದೇ ಮುಖ. ಬೆಂಚಿನ ಮೇಲೆ ಹೆಂಗಸೊಬ್ಬರು ಕನ್ನಡಕದ ರಿಪೇರಿಗೆ ಕಾಯುತ್ತಿದ್ದರು. ಮೇಜಿನ ಹಿಂದೆ ಅಂಗಡಿಯವರು ಒಂದು ಸಣ್ಣ ತಿರುಪು ಕೂರಿಸುತ್ತಿದ್ದರು. "ಕೂತ್ಕೊಳ್ಳಿ" ಎಂದರು, ತಲೆಯೆತ್ತದೆ.

ಕೂತೆ. ತಪ್ಪಾಯಿತು ಎಂದೆ. ನನ್ನ ಪೆಟ್ಟಿಗೆಯನ್ನು ಎರಡು ಪಾಲು ಮಾಡಿ ಅರ್ಧ ನಿಮ್ಮ ಮಾಳಿಗೆಗೆ ತಂದಿಡುತ್ತೇನೆ, ಅರ್ಧವೇನು, ಪೂರ್ತಿಯೇ ಇಟ್ಟುಕೊಳ್ಳಿ ಎಂದೆ. ಇನ್ನೂ ಏನೇನೋ ಹೇಳಿದೆ.

"ಬೇಡ ಮೇಡಂ."

ತಿರುಪು ಜಾರಿ ಮೇಜಿನ ಮೇಲೆ ಬಿತ್ತು. ಬೆರಳ ತುದಿಯಿಂದ ಅದನ್ನು ಹುಡುಕಿ ಎತ್ತಿಕೊಂಡರು.

"ಸಭೇಲಿ ಹೇಳಿದ್ರಿ. ಎಲ್ಲರೂ ಕೇಳಿದ್ರು. ನನಗೆ ಹೇಳ್ಲಿಲ್ಲ ನೀವು."

ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

"ಒಂದೇ ಒಂದು ಕೇಳ್ತೀನಿ. ಇತ್ತೀಚೆಗೆ ಗೊತ್ತಾಯ್ತು ಅಂದ್ರಲ್ಲ. ಅವತ್ತು ಮಾಳಿಗೆ ಮೇಲೆ, ಅವಳನ್ನ ಕೈಯಲ್ಲಿ ಹಿಡ್ಕೊಂಡಿದ್ರಿ. ಆಗ ಗೊತ್ತಿರ್ಲಿಲ್ವಾ ನಿಮಗೆ?"

ಇಲ್ಲ ಎಂದುಬಿಟ್ಟರೆ ನಂಬುವುದಕ್ಕೆ ಅವರು ತಯಾರಿದ್ದರು. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ನಂಬಬೇಕೆಂದೇ ಕೇಳಿದರೋ ಏನೋ.

"ಗೊತ್ತಿತ್ತು" ಎಂದೆ.

"ಕೇಳಿಸ್ಲಿಲ್ಲ."

"ಗೊತ್ತಿತ್ತು. ಗೊತ್ತಿದ್ದೇ ಕೊಂದೆ."

ಬೆಂಚಿನ ಮೇಲಿದ್ದ ಹೆಂಗಸು ತಿರುಗಿ ನೋಡಿದರು. ಮೇಜಿನಾಚೆಯಿಂದ ಅಂಗಡಿಯವರು "ಸರಿ" ಎಂದರು. ಕನ್ನಡಕವನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, "ನಿಮ್ದು ಆಯ್ತಮ್ಮ, ಹಾಕ್ಕೊಂಡು ನೋಡಿ" ಎಂದು ಆ ಹೆಂಗಸಿನ ಕಡೆ ಚಾಚಿದರು. ನಾನು ಎದ್ದು ಬಂದೆ.